ಪ್ರೊಸೆಸರಿನ ವೇಗಾಂಕವೂ ಓವರ್‌ಕ್ಲಾಕಿಂಗಿನ ಚರಿತ್ರೆಯೂ

ಗಣಕಯಂತ್ರದ ಪ್ರೊಸೆಸರಿಗೆ ಅದರ ತಯಾರಕರು ಒಂದು ವೇಗಾಂಕವನ್ನು ಗೊತ್ತುಮಾಡಿರುತ್ತಾರೆ. ಆ ವೇಗವನ್ನು ಮೀರಿ ಅದನ್ನು ನಡೆಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಇದನ್ನು ಹವ್ಯಾಸಿಗಳ ಹುಚ್ಚು ಸಾಹಸವೆಂದು ತಳ್ಳಿಹಾಕುವವರುಂಟು. ಆದರೆ ಇದರ ಚರಿತ್ರೆಯನ್ನು ಕ್ರಮವಾಗಿ ನೋಡಿದರೆ, ವೇಗಾಂಕವೆಂಬುದು ನಿಸರ್ಗವು ವಿಧಿಸಿದ ಎಲ್ಲೆಯಲ್ಲ, ತಯಾರಕನು ಕೊಟ್ಟ ಭರವಸೆ ಎಂಬುದು ವಿದಿತವಾಗುತ್ತದೆ. ಆ ಭರವಸೆಗೂ ಯಂತ್ರದ ನಿಜವಾದ ಸಾಮರ್ಥ್ಯಕ್ಕೂ ನಡುವಣ ಅಂತರ ಯಾರ ಸ್ವತ್ತು? ಇಲ್ಲಿ ನಾವು ಪರಿಶೀಲಿಸಬೇಕಾದ ಪ್ರಶ್ನೆ ಇದೇ.

ಈ ಅಂತರ ಹುಟ್ಟುವ ಬಗೆಯನ್ನು ಮೊದಲು ತಿಳಿಯಬೇಕು. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳೆಲ್ಲ ಸಮಾನ ಗುಣವುಳ್ಳವಲ್ಲ. ತಯಾರಕರು ಅವನ್ನು ಪರೀಕ್ಷಿಸಿ, ವೇಗಾನುಸಾರವಾಗಿ ವಿಂಗಡಿಸಿ, ಸೆಕೆ, ಸವೆತಗಳಿಗೆಂದು ಸ್ವಲ್ಪ ಅವಕಾಶವನ್ನು ಉಳಿಸಿ ವೇಗಾಂಕವನ್ನು ನಿಗದಿಮಾಡುತ್ತಾರೆ. ಅಲ್ಲದೆ, ಅಗ್ಗದ ಮಾದರಿಗೆ ಬೇಡಿಕೆ ಹೆಚ್ಚಾದಾಗ ಉತ್ತಮ ಚಿಪ್ಪುಗಳೂ ಕಡಿಮೆಯ ಅಂಕವನ್ನು ಹೊತ್ತು ಹೊರಬರುವುದುಂಟು.

1984ರಲ್ಲಿ ಬಂದ ಐಬಿಎಂ ಪಿಸಿ ಎಟಿ ಯಂತ್ರದಲ್ಲಿ 12 ಮೆಗಾಹರ್ಟ್ಸಿನ ಸ್ಫಟಿಕವಿದ್ದಿತು. ಅದರ ಅರ್ಧದಷ್ಟು, ಎಂದರೆ 6 ಮೆಗಾಹರ್ಟ್ಸ್ ವೇಗದಲ್ಲಿ ಪ್ರೊಸೆಸರು ನಡೆಯುತ್ತಿದ್ದಿತು. ಬಳಕೆದಾರರು ಆ ಸ್ಫಟಿಕವನ್ನು ಕಿತ್ತು 16 ಮೆಗಾಹರ್ಟ್ಸಿನದನ್ನು ಕೂರಿಸಿ 8 ಮೆಗಾಹರ್ಟ್ಸನ್ನು ಪಡೆದರು. ಬಳಿಕ ಐಬಿಎಂ ಸಂಸ್ಥೆ, ವೇಗ ಮಿತಿಮೀರಿದ್ದರೆ ಯಂತ್ರ ಪ್ರಾರಂಭವೇ ಆಗದಂತೆ ತಡೆಯುವ ಪರೀಕ್ಷೆಯೊಂದನ್ನು ಅದರ ಶಾಶ್ವತ ಸ್ಮೃತಿಯಲ್ಲಿ ಸೇರಿಸಿತು. ವಿವಾದದ ಉಭಯಪಕ್ಷಗಳೂ ಇಲ್ಲಿಯೇ ಸ್ಪಷ್ಟವಾಗಿ ಗೋಚರಿಸುತ್ತವೆ.

1992ರ 486 ಡಿಎಕ್ಸ್2 ಪ್ರೊಸೆಸರಿನೊಂದಿಗೆ ಗುಣಕದ ಪದ್ಧತಿ ಬಳಕೆಗೆ ಬಂದಿತು. ಮದರ್‌ಬೋರ್ಡಿನ ಮೂಲವೇಗವನ್ನು ಒಂದು ಸಂಖ್ಯೆಯಿಂದ ಗುಣಿಸಿದರೆ ಪ್ರೊಸೆಸರಿನ ವೇಗ ದೊರೆಯುವುದು. ಪೆಂಟಿಯಮ್ಮಿನ ಕಾಲದಲ್ಲಿ ಕೆಲವು ವರ್ತಕರು ಚಿಪ್ಪಿನ ಮೇಲಣ ಅಂಕವನ್ನು ಅಳಿಸಿ, ಹೆಚ್ಚಿನ ಅಂಕವನ್ನು ಅಚ್ಚೊತ್ತಿ ಮಾರಿ ಗಿರಾಕಿಗಳನ್ನು ವಂಚಿಸಿದರು. 1990ರ ದಶಕದ ಕೊನೆಯ ವೇಳೆಗೆ ಇಂಟೆಲ್ ಗುಣಕವನ್ನೇ ಬಂಧಿಸಿತು. ಈ ಬೀಗ ವಂಚನೆಯನ್ನು ತಡೆಯಿತೆಂಬುದು ಎಷ್ಟು ನಿಜವೋ, ದುಬಾರಿ ಮಾದರಿಗಳ ಮಾರಾಟವನ್ನು ಕಾಯ್ದಿತೆಂಬುದೂ ಅಷ್ಟೇ ನಿಜ.

ಆದರೆ ಮೂಲವೇಗ ಇನ್ನೂ ಬಳಕೆದಾರನ ಕೈಯಲ್ಲೇ ಇದ್ದಿತು. 1998ರ ಸೆಲೆರಾನ್ 300ಎ ಇದಕ್ಕೆ ಪ್ರಸಿದ್ಧ ನಿದರ್ಶನ. ಇದರ ಮೂಲವೇಗ 66 ಮೆಗಾಹರ್ಟ್ಸ್, ಗುಣಕ 4.5. ಮೂಲವೇಗವನ್ನು 100ಕ್ಕೆ ಏರಿಸಿದೊಡನೆ ಇದು 450 ಮೆಗಾಹರ್ಟ್ಸ್ ವೇಗದಲ್ಲಿ ನಡೆಯಿತು. ಇದರ ಕ್ಯಾಶ್ ಸ್ಮೃತಿ 128 ಕಿಲೋಬೈಟು ಮಾತ್ರ. ಆದರೆ ಅದು ಚಿಪ್ಪಿನೊಳಗೇ ಇದ್ದು ಪೂರ್ಣವೇಗದಲ್ಲಿ ಕೆಲಸಮಾಡುತ್ತಿದ್ದಿತು. ಪೆಂಟಿಯಮ್ 2ರ 512 ಕಿಲೋಬೈಟಿನ ಕ್ಯಾಶ್ ಅರ್ಧವೇಗದ್ದು. ಹೀಗೆ ಅಗ್ಗದ ಪ್ರೊಸೆಸರು ಅದೇ ಸಂಸ್ಥೆಯ ಬಹು ದುಬಾರಿಯಾದ 450ರ ಮಾದರಿಗೆ ಅನೇಕ ಕೆಲಸಗಳಲ್ಲಿ ಸರಿಸಮವಾಯಿತು. 2000ದ ಸುಮಾರಿಗೆ ಎಎಂಡಿಯ ಡ್ಯೂರಾನ್ ಮತ್ತು ಅಥ್ಲಾನ್ ಚಿಪ್ಪುಗಳ ಮೇಲ್ಮೈಯಲ್ಲಿದ್ದ ತುಂಡರಿಸಿದ ಸಂಪರ್ಕಗಳನ್ನು ಹವ್ಯಾಸಿಗಳು ಸೀಸದ ಕಡ್ಡಿಯಿಂದ ಗೆರೆಯೆಳೆದು ಜೋಡಿಸಿ ಗುಣಕವನ್ನು ಬಿಡಿಸಿಕೊಂಡರು; ಗ್ರಾಫೈಟು ವಿದ್ಯುದ್ವಾಹಕವಷ್ಟೆ.

2011ರಲ್ಲಿ ಇಂಟೆಲಿನ ಸ್ಯಾಂಡಿ ಬ್ರಿಜ್ ಬಂದಾಗ ಮೂಲವೇಗ ಇತರ ಅಂಗಗಳ ವೇಗದೊಡನೆ ಹೆಣೆದುಕೊಂಡು, ಅದನ್ನು ಗಣನೀಯವಾಗಿ ಏರಿಸುವುದು ಅಸಾಧ್ಯವಾಯಿತು. 'ಕೆ' ಅಕ್ಷರವುಳ್ಳ ಮಾದರಿಗಳಲ್ಲಿ ಮಾತ್ರ ಗುಣಕ ಪೂರ್ಣವಾಗಿ ಮುಕ್ತ. ಒಂದು ಕಾಲದಲ್ಲಿ ಬಳಕೆದಾರನು ಹುಡುಕಿ ಪಡೆದದ್ದು ಹೀಗೆ ಬೆಲೆಕಟ್ಟಿದ ಸರಕಾಯಿತು. ಇತ್ತೀಚಿನ ಪ್ರೊಸೆಸರುಗಳಂತೂ ಶಾಖವನ್ನು ಗಮನಿಸಿ ತಾವೇ ವೇಗವನ್ನು ಏರಿಸಿಕೊಳ್ಳುವುದರಿಂದ ಉಳಿದಿರುವ ಅಂತರ ಅಲ್ಪ.

ಈ ವಿದ್ಯೆಯಲ್ಲಿ ಹೊಸದಾಗಿ ಕೈಹಾಕುವ ವಿದ್ಯಾರ್ಥಿ ಒಂದು ಲೆಕ್ಕವನ್ನು ಮರೆಯಲಾಗದು. ಪ್ರೊಸೆಸರು ಕೆಲಸದಲ್ಲಿ ವ್ಯಯಿಸುವ ವಿದ್ಯುಚ್ಛಕ್ತಿ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಎರಡನ್ನೂ ಶೇಕಡಾ 10ರಷ್ಟು ಏರಿಸಿದರೆ ವ್ಯಯ ಸುಮಾರು ಶೇಕಡಾ 33ರಷ್ಟು ಏರುವುದು. ಅದೆಲ್ಲ ಶಾಖವಾಗಿ ಹೊರಬೀಳುವುದು. ಆದಕಾರಣ ಮೊದಲು ತಂಪುಮಾಡುವ ಏರ್ಪಾಡನ್ನು ಸರಿಪಡಿಸಿಕೊಂಡು, ಗುಣಕವನ್ನು ಒಂದೊಂದೇ ಮೆಟ್ಟಿಲು ಏರಿಸಿ, ಪ್ರತಿ ಸಲವೂ ಭಾರವಾದ ಕೆಲಸವನ್ನು ಗಂಟೆಗಟ್ಟಲೆ ಕೊಟ್ಟು ಶಾಖವನ್ನು ನೋಡಬೇಕು. ತಪ್ಪು ಕಂಡೊಡನೆ ಒಂದು ಮೆಟ್ಟಿಲು ಹಿಂದಕ್ಕೆ ಬರಬೇಕು. ವೋಲ್ಟೇಜನ್ನು ಮುಟ್ಟುವುದು ಕಟ್ಟಕಡೆಗೆ, ಅದೂ ಅತ್ಯಲ್ಪವಾಗಿ. ತಯಾರಕರ ಖಾತರಿ ತಪ್ಪಿಹೋಗಬಹುದೆಂಬುದನ್ನೂ ಮುಂಚಿತವಾಗಿಯೇ ತಿಳಿದಿರಬೇಕು.

ಯಂತ್ರ ನಿಂತುಹೋಗುವುದು ದೊಡ್ಡ ಅಪಾಯವಲ್ಲ. ನಿಲ್ಲದೆ ತಪ್ಪು ಉತ್ತರ ಕೊಡುವುದೇ ದೊಡ್ಡ ಅಪಾಯ. 2011ರಲ್ಲಿ ಮೈಕ್ರೋಸಾಫ್ಟಿನ ಸಂಶೋಧಕರು ಸುಮಾರು 10 ಲಕ್ಷ ಗಣಕಗಳ ವರದಿಗಳನ್ನು ಪರಿಶೀಲಿಸಿ, ವೇಗಾಂಕ ಮೀರಿದ ಯಂತ್ರಗಳಲ್ಲಿ ದೋಷಗಳು ಗಮನಾರ್ಹವಾಗಿ ಹೆಚ್ಚೆಂದು ತೋರಿಸಿದರು. ಆಟಕ್ಕೆ ಇದು ಸಹ್ಯವಾಗಬಹುದು; ಸಂಶೋಧನೆಯ ಗಣನೆಗೆ ಸಲ್ಲದು.

ಒಟ್ಟಿನಲ್ಲಿ, ತಯಾರಕನ ಅಂಕವನ್ನು ಪ್ರಶ್ನಿಸುವ ಹಕ್ಕು ಬಳಕೆದಾರನಿಗೆ ಉಂಟೆಂದೇ ನಮ್ಮ ಅಭಿಪ್ರಾಯ. ಆದರೆ ಆ ಅಂಕವನ್ನು ಮೀರಿದ ಕ್ಷಣದಿಂದ, ತಯಾರಕನು ಹೊತ್ತಿದ್ದ ಪರೀಕ್ಷೆಯ ಭಾರವೂ ಬಳಕೆದಾರನ ಹೆಗಲಿಗೇ ಬರುತ್ತದೆ.