ನೀರಿನ ಗಡಿಯೇ ಆಡಳಿತದ ಗಡಿ: ಮಿನ್ನೆಸೋಟದ ಜಲಾನಯನ ಜಿಲ್ಲೆಗಳು

ಅಮೆರಿಕದ ಮಿನ್ನೆಸೋಟ ರಾಜ್ಯದ ಹಿಬ್ಬಿಂಗ್ ಪಟ್ಟಣದ ಬಳಿ ಒಂದು ದಿಣ್ಣೆಯಿದೆ. ಅಲ್ಲಿ ಬಿದ್ದ ಮಳೆನೀರು ಮೂರು ದಿಕ್ಕಿಗೆ ಹಂಚಿಹೋಗುತ್ತದೆ. ಒಂದು ಪಾಲು ಮಿಸ್ಸಿಸಿಪ್ಪಿ ನದಿಯ ಮೂಲಕ ದಕ್ಷಿಣದ ಮೆಕ್ಸಿಕೊ ಕೊಲ್ಲಿಗೆ, ಇನ್ನೊಂದು ಪಾಲು ಉತ್ತರದ ಹಡ್ಸನ್ ಕೊಲ್ಲಿಗೆ, ಮತ್ತೊಂದು ಸುಪೀರಿಯರ್ ಸರೋವರದ ಮೂಲಕ ಅಟ್ಲಾಂಟಿಕ್ ಸಾಗರಕ್ಕೆ ಸೇರುತ್ತದೆ. ರಾಜ್ಯದಲ್ಲಿ 87 ಕೌಂಟಿಗಳಿವೆ. ಅವುಗಳ ಪೈಕಿ ಅನೇಕವುಗಳ ಗಡಿ ನಕ್ಷೆಯ ಮೇಲೆ ಎಳೆದ ನೇರ ಗೆರೆ. ಮೇಲಿನ ಕೌಂಟಿಯ ಹೊಲದಿಂದ ಹರಿದ ಕೆಸರು ಕೆಳಗಿನ ಕೌಂಟಿಯ ಸರೋವರವನ್ನು ಸೇರುವುದನ್ನು ಈ ಗೆರೆ ತಡೆಯಲಾರದು.

ಈ ಸಮಸ್ಯೆಗೆ ಉತ್ತರವಾಗಿ ಮಿನ್ನೆಸೋಟ ಶಾಸನಸಭೆಯು 1955ರಲ್ಲಿ ಜಲಾನಯನ ಕಾಯ್ದೆಯನ್ನು ಅಂಗೀಕರಿಸಿತು. ನೀರು ಹರಿಯುವ ಪ್ರದೇಶವನ್ನೇ ಗಡಿಯಾಗಿ ಉಳ್ಳ ‘ಜಲಾನಯನ ಜಿಲ್ಲೆ’ ಎಂಬ ಸ್ಥಳೀಯ ಆಡಳಿತ ಘಟಕವನ್ನು ರಚಿಸಲು ಅದು ಅವಕಾಶ ನೀಡಿತು. ನಮ್ಮಲ್ಲಿ ಜಲಾನಯನ ಎಂದರೆ ಸರ್ಕಾರಿ ಇಲಾಖೆಯ ಕಾರ್ಯಕ್ರಮ. ಅಲ್ಲಿ ಅದು ತೆರಿಗೆ ವಿಧಿಸುವ, ನಿಯಮ ರೂಪಿಸುವ ಅಧಿಕಾರವುಳ್ಳ ಸಂಸ್ಥೆ. ಇಂತಹ ಸುಮಾರು 45 ಜಿಲ್ಲೆಗಳು ರಾಜ್ಯದಲ್ಲಿವೆ.

ಚುನಾವಣೆಯಿಲ್ಲದ ತೆರಿಗೆ ಅಧಿಕಾರ

ಕೌಂಟಿಗಳು, ನಗರಗಳು ಅಥವಾ ಆ ಪ್ರದೇಶದ ಕನಿಷ್ಠ 50 ಮಂದಿ ನಿವಾಸಿ ಭೂಮಾಲೀಕರು ಅರ್ಜಿ ಸಲ್ಲಿಸಿ ಜಿಲ್ಲೆಯ ರಚನೆಯನ್ನು ಕೋರಬಹುದು. ಜಿಲ್ಲೆಯ ವ್ಯವಸ್ಥಾಪಕರನ್ನು ಮೂರು ವರ್ಷಗಳ ಅವಧಿಗೆ ಕೌಂಟಿಯ ಆಡಳಿತ ಮಂಡಳಿ ನೇಮಿಸುತ್ತದೆ. ಪ್ರವಾಹ ತಡೆ, ಒಳಚರಂಡಿ ಕಾಲುವೆ, ಸರೋವರಗಳ ಶುದ್ಧತೆ ಇವರ ಹೊಣೆ. ಇದಕ್ಕಾಗಿ ಆಸ್ತಿ ತೆರಿಗೆಯ ಮೂಲಕ ಹಣ ಸಂಗ್ರಹಿಸಬಹುದು.

ಜನರು ನೇರವಾಗಿ ಆರಿಸದ ವ್ಯಕ್ತಿಗಳು ತೆರಿಗೆ ವಿಧಿಸುವುದು ಎಷ್ಟು ಸರಿ ಎಂಬುದು ಈ ವ್ಯವಸ್ಥೆಯ ಮೂಲಭೂತ ಪ್ರಶ್ನೆ. ಇದೇ ರಾಜ್ಯದ ಮಣ್ಣು ಮತ್ತು ಜಲ ಸಂರಕ್ಷಣಾ ಜಿಲ್ಲೆಗಳ ಸ್ಥಿತಿ ಇದಕ್ಕೆ ವಿರುದ್ಧ. ಅವುಗಳ ಮೇಲ್ವಿಚಾರಕರು ಚುನಾಯಿತರು. ಆದರೆ ತೆರಿಗೆ ವಿಧಿಸುವ ಅಧಿಕಾರ ಅವರಿಗಿಲ್ಲ.

ರಾಜ್ಯದ ಕಣ್ಗಾವಲು

ಆದುದರಿಂದಲೇ ರಾಜ್ಯದ ಮೇಲ್ವಿಚಾರಣೆಗೆ ಮಹತ್ವ. ಮೂರು ಸಂಸ್ಥೆಗಳನ್ನು ವಿಲೀನಗೊಳಿಸಿ 1987ರಲ್ಲಿ ರಚಿಸಲಾದ ಜಲ ಮತ್ತು ಮಣ್ಣು ಸಂಪನ್ಮೂಲ ಮಂಡಳಿಗೆ ಈ ಕೆಲಸ ವಹಿಸಲಾಗಿದೆ. ಜಿಲ್ಲೆಯ ಸ್ಥಾಪನೆ, ಗಡಿ ಬದಲಾವಣೆ, ವಿಸರ್ಜನೆ ಮೂರಕ್ಕೂ ಮಂಡಳಿಯ ಆದೇಶ ಬೇಕು. ಜಿಲ್ಲೆಗಳು ಕನಿಷ್ಠ 10 ವರ್ಷಗಳಿಗೊಮ್ಮೆ ತಮ್ಮ ಜಲ ಯೋಜನೆಯನ್ನು ಪರಿಷ್ಕರಿಸಿ ಅನುಮೋದನೆ ಪಡೆಯಬೇಕು. ವಾರ್ಷಿಕ ವರದಿ, ಲೆಕ್ಕಪರಿಶೋಧನೆಗಳನ್ನೂ ಸಲ್ಲಿಸಬೇಕು.

ಮಂಡಳಿಯ 20 ಸದಸ್ಯರಲ್ಲಿ 15 ಮಂದಿಯನ್ನು ರಾಜ್ಯಪಾಲರು ನೇಮಿಸುತ್ತಾರೆ. ಅಮೆರಿಕದಲ್ಲಿ ರಾಜ್ಯಪಾಲರೆಂದರೆ ಚುನಾಯಿತ ಆಡಳಿತ ಮುಖ್ಯಸ್ಥರು. ಈ 15ರಲ್ಲಿ ಮೂರು ಸ್ಥಾನ ಜಲಾನಯನ ಸಂಸ್ಥೆಗಳ ಪ್ರತಿನಿಧಿಗಳಿಗೇ ಮೀಸಲು. ಕೌಂಟಿ, ನಗರ, ಸಂರಕ್ಷಣಾ ಜಿಲ್ಲೆಗಳಿಗೂ ಪಾಲಿದೆ. ಸರ್ಕಾರಿ ಹುದ್ದೆಯಲ್ಲಿಲ್ಲದ ನಾಗರಿಕರಿಗೆ ಮೂರು ಸ್ಥಾನ. ಅಂದರೆ ನಿಗಾ ವಹಿಸಬೇಕಾದವರ ಸಾಲಿನಲ್ಲಿ ನಿಗಾಕ್ಕೆ ಒಳಪಡುವವರೂ ಕೂರುತ್ತಾರೆ. ಸ್ಥಳೀಯ ಅನುಭವ ಇದರಿಂದ ದೊರೆಯುತ್ತದೆ ಎಂಬುದು ಒಂದು ವಾದ. ಕಣ್ಗಾವಲು ಸಡಿಲಗೊಳ್ಳಬಹುದೆಂಬುದು ಇನ್ನೊಂದು.

ಮಂಡಳಿಯ ಹಿಡಿತವನ್ನು 2007ರ ಕಾನೂನು ಬಿಗಿಗೊಳಿಸಿತು. ಸ್ಥಳೀಯ ಜಲ ಸಂಸ್ಥೆಗಳ ಸಾಧನೆಯನ್ನು ಪರಿಶೀಲಿಸಿ ಶಾಸನಸಭೆಗೆ ವರದಿ ಮಾಡುವುದು ಮಂಡಳಿಯ ಕರ್ತವ್ಯವಾಯಿತು. ಸೂಚಿಸಿದ ಲೋಪಗಳನ್ನು ಒಂದು ವರ್ಷದೊಳಗೆ ಸರಿಪಡಿಸದ ಸಂಸ್ಥೆಗೆ ಅನುದಾನ ಕಡಿತಗೊಳಿಸಬಹುದು ಅಥವಾ ತಡೆಹಿಡಿಯಬಹುದು.

ಒಂದು ಜಲಾನಯನ, ಒಂದು ಯೋಜನೆ

ಮಿನ್ನಿಯಾಪೊಲಿಸ್, ಸೇಂಟ್ ಪಾಲ್ ಒಳಗೊಂಡ ಏಳು ಕೌಂಟಿಗಳ ಮಹಾನಗರ ಪ್ರದೇಶದಲ್ಲಿ 1982ರ ಕಾನೂನಿನಂತೆ ಜಲಾನಯನವಾರು ಯೋಜನೆ ಕಡ್ಡಾಯ. ಉಳಿದೆಡೆ ಕೌಂಟಿವಾರು ಯೋಜನೆಗಳೂ ಜಲಾನಯನ ಯೋಜನೆಗಳೂ ಒಂದರ ಮೇಲೊಂದು ಬಿದ್ದು ಗೊಂದಲ ಉಂಟಾಗಿತ್ತು. ‘ಒಂದು ಜಲಾನಯನ, ಒಂದು ಯೋಜನೆ’ ಕಾರ್ಯಕ್ರಮಕ್ಕೆ 2012ರಲ್ಲಿ ಕಾನೂನಿನ ಆಧಾರ ದೊರೆಯಿತು. 2014ರಲ್ಲಿ ರೂಟ್ ನದಿ, ರೆಡ್ ಲೇಕ್ ನದಿ ಸೇರಿದಂತೆ ಐದು ಪ್ರದೇಶಗಳನ್ನು ಪ್ರಾಯೋಗಿಕವಾಗಿ ಆಯ್ಕೆ ಮಾಡಲಾಯಿತು. ಇಡೀ ರಾಜ್ಯವನ್ನು ಸುಮಾರು 60 ಯೋಜನಾ ಪ್ರದೇಶಗಳಾಗಿ ವಿಂಗಡಿಸಲಾಗಿದೆ.

ಇದಕ್ಕೆ ಹಣದ ಬಲ ಒದಗಿಸಿದ್ದು 2008ರ ನವೆಂಬರ್‌ನಲ್ಲಿ ಮತದಾರರು ಒಪ್ಪಿದ ಸಂವಿಧಾನ ತಿದ್ದುಪಡಿ. ಅದರಂತೆ ಮಾರಾಟ ತೆರಿಗೆಯನ್ನು ಶೇ 0.375ರಷ್ಟು ಹೆಚ್ಚಿಸಲಾಯಿತು. ಈ ಆದಾಯದ ಶೇ 33ರಷ್ಟು ಶುದ್ಧ ಜಲ ನಿಧಿಗೆ ಸೇರುತ್ತದೆ. ಜಲಾನಯನ ಯೋಜನೆಗಳ ಅನುಷ್ಠಾನಕ್ಕೆ ಈ ನಿಧಿಯಿಂದ ಮಂಡಳಿ ಅನುದಾನ ನೀಡುತ್ತದೆ.

ಈ ತೆರಿಗೆಯ ಅವಧಿ 2034ಕ್ಕೆ ಮುಗಿಯಲಿದೆ. ಆ ನಂತರದ ದಾರಿಯನ್ನು ಮತದಾರರು ನಿರ್ಧರಿಸಬೇಕಾಗುತ್ತದೆ. ಅನುದಾನ ತಡೆಹಿಡಿಯುವೆನೆಂಬ ಎಚ್ಚರಿಕೆಗೆ ಬೆಲೆ ಬರುವುದು ಕೊಡಲು ಅನುದಾನ ಇದ್ದಾಗ ಮಾತ್ರ. ನಿಧಿ ಬತ್ತಿದರೆ ಜಲಾನಯನ ಜಿಲ್ಲೆಗಳು ಆಸ್ತಿ ತೆರಿಗೆಯನ್ನೇ ಹೆಚ್ಚು ನೆಚ್ಚಬೇಕಾಗಬಹುದು. ಆಗ ಚುನಾಯಿತರಲ್ಲದವರ ತೆರಿಗೆ ಅಧಿಕಾರದ ಹಳೆಯ ಪ್ರಶ್ನೆ ಮತ್ತೆ ಮೇಲೇಳುವುದು ನಿಶ್ಚಿತ.