ತುಟಿಯಂಚಿನ ವಿದ್ಯೆ

ನಮ್ಮ ಓಲಗದವನ ಬಾಯಲ್ಲಿ ಪೀಪಿ ಇರುತ್ತದೆ. ಅವನು ಊದಿದಾಗ ಮೊದಲು ನಡುಗುವುದು ಆ ಪೀಪಿ. ಮೆರವಣಿಗೆಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವನಿಗೆ ಅಂಥದೊಂದನ್ನು ಯಾರೂ ಮಾಡಿಕೊಟ್ಟಿಲ್ಲ. ಅವನ ಎರಡು ತುಟಿಗಳೇ ಅವನ ಪೀಪಿ. ವಾದ್ಯದ ಬಾಯಿಗಿರುವ ಪುಟ್ಟ ಬಟ್ಟಲಿಗೆ ತುಟಿಗಳನ್ನು ತಾಕಿಸಿ, ಬಿಗಿಹಿಡಿದು ಉಸಿರು ಬಿಟ್ಟರೆ ತುಟಿಯಂಚುಗಳು ಕಂಪಿಸುತ್ತವೆ. ಪಾಶ್ಚಾತ್ಯ ವಾದ್ಯಗೋಷ್ಠಿಗಳು ಶ್ರುತಿ ಕೂಡಿಸಿಕೊಳ್ಳುವ ಸ್ವರಕ್ಕೆ ಅವು ಸೆಕೆಂಡಿಗೆ ಸುಮಾರು 440 ಸಲ ಕಂಪಿಸಬೇಕು. ತುಟಿಗಳನ್ನು ಹೀಗೆ ಹದವಾಗಿ ಹಿಡಿಯುವುದಕ್ಕೆ ಫ್ರೆಂಚರು ‘ಆಂಬುಶೂರ್’ ಎನ್ನುತ್ತಾರೆ; ಬಾಯಿ ಎಂಬರ್ಥದ ‘ಬೂಶ್’ ಎಂಬುದರಿಂದ ಹುಟ್ಟಿದ ಮಾತು. ನಾನು ಇಲ್ಲಿ ‘ತುಟಿಕಟ್ಟು’ ಎನ್ನುತ್ತೇನೆ. ಟ್ರಂಪೆಟ್ಟಿನ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಲೋಹದ ಕಥೆ ಹೇಳಿ ಮುಗಿಸುತ್ತಾರೆ. ನನಗೆ ಕುತೂಹಲವಿರುವುದು ಆ ಎರಡು ತುಟಿಗಳ ಕಥೆಯಲ್ಲಿ.

ಹಳೆಯ ಟ್ರಂಪೆಟ್ಟಿಗೆ ಬೆರಳಿಟ್ಟು ಒತ್ತುವ ಗುಂಡಿಯಾಗಲಿ, ಕೊಳಲಿಗಿರುವಂತೆ ರಂಧ್ರವಾಗಲಿ ಇರಲಿಲ್ಲ. ಅದು ಮಡಿಸಿದ ಒಂದು ಉದ್ದ ಕೊಳವೆ, ಅಷ್ಟೆ. ಅಂಥ ಕೊಳವೆ ತನ್ನ ಉದ್ದಕ್ಕೆ ಹೊಂದುವ ಕೆಲವೇ ಸ್ವರಗಳನ್ನು ನುಡಿಯುತ್ತದೆ. ಕೆಳಗಿನ ಸ್ಥಾಯಿಯಲ್ಲಿ ಅವು ದೂರದೂರ. ಮೇಲಕ್ಕೆ ಹೋದಂತೆ ಹತ್ತಿರವಾಗುತ್ತ, ಎಂಟನೆಯ ಸ್ವರದಿಂದಾಚೆಗೆ ಸರಿಸುಮಾರು ಒಂದು ಸ್ವರಶ್ರೇಣಿಯೇ ದೊರಕುತ್ತದೆ. ಅದರಲ್ಲಿಯೂ ಹನ್ನೊಂದನೆಯದು, ಹದಿಮೂರನೆಯದು ಅಪಶ್ರುತಿ. ಅವನ್ನು ತುಟಿಯಿಂದಲೇ ಬಾಗಿಸಿ ಸರಿಪಡಿಸಿಕೊಳ್ಳಬೇಕು. ರಾಗ ಬೇಕೆಂದರೆ ವಾದಕ ಆ ಎತ್ತರಕ್ಕೆ ಏರಲೇಬೇಕು, ಏರಿ ಅಲ್ಲಿಯೇ ನಿಲ್ಲಬೇಕು. ಏಣಿಯ ಕೆಳಗಿನ ಮೆಟ್ಟಿಲುಗಳನ್ನು ಕಿತ್ತುಹಾಕಿ ಮೇಲಿನವನ್ನು ಮಾತ್ರ ಉಳಿಸಿದ ಹಾಗೆ!

ಇಂಥ ವಿದ್ಯೆ ಸುಲಭವಾಗಿ ಹೊರಗೆ ಬರುವಂಥದಲ್ಲ. 1623ರಲ್ಲಿ ಚಕ್ರವರ್ತಿ ಎರಡನೆಯ ಫರ್ಡಿನಾಂಡನು ಜರ್ಮನ್ ನಾಡುಗಳ ಟ್ರಂಪೆಟ್ ವಾದಕರ ಮತ್ತು ಭೇರಿವಾದಕರ ಸಂಘಕ್ಕೆ ಹಕ್ಕುಪತ್ರವನ್ನು ಕೊಟ್ಟನು. ಗುರುವಿನ ಬಳಿ ಎರಡು ವರ್ಷ ಶಿಷ್ಯವೃತ್ತಿ. ರಣರಂಗದ ಸಂಕೇತಗಳನ್ನು ಕಿವಿಯಿಂದ ಕಿವಿಗೆ ಕಲಿಯಬೇಕು, ಸಂಘದ ಹೊರಗಿನವರಿಗೆ ಹೇಳಕೂಡದು. ನಮ್ಮ ಗುರುಕುಲದವರಿಗೆ ಇದು ಅಪರಿಚಿತ ಪದ್ಧತಿಯಲ್ಲ. ಇಟಲಿಯವರು ಈ ವಿಷಯದಲ್ಲಿ ಸ್ವಲ್ಪ ಉದಾರಿಗಳು. ವೆರೋನಾದ ಚೆಸಾರೆ ಬೆಂಡಿನೆಲ್ಲಿ 1614ರಲ್ಲಿ ಒಂದು ಕೈಬರಹದ ಗ್ರಂಥವನ್ನೂ, ಟಸ್ಕನಿಯ ಆಸ್ಥಾನದ ಜಿರೋಲಮೋ ಫಾಂಟಿನಿ 1638ರಲ್ಲಿ ಅಚ್ಚಾದ ಪುಸ್ತಕವನ್ನೂ ಬಿಟ್ಟುಹೋದರು. ನಾಲಗೆ ಹೇಗೆ ಆಡಬೇಕೆಂಬುದನ್ನು ಇಬ್ಬರೂ ಅಕ್ಷರಗಳಲ್ಲಿ ಬರೆದು ತೋರಿಸಿದ್ದಾರೆ.

ಆ ಎತ್ತರದ ವಾದನ ದೇಹಕ್ಕೆ ಎಷ್ಟು ಭಾರವೆಂಬುದಕ್ಕೆ ಲೈಪ್‌ಜಿಗ್ ನಗರದ ಗೊಟ್‌ಫ್ರೀಡ್ ರೈಖೆ ನೆನಪಾಗುತ್ತಾನೆ. ಬಾಖ್ ಮಹಾಶಯನ ಕೃತಿಗಳಿಗೆ ಟ್ರಂಪೆಟ್ ಊದುತ್ತಿದ್ದವನು ಅವನೇ. 1734ರ ಅಕ್ಟೋಬರ್ 5ರ ರಾತ್ರಿ, ದೊರೆಯ ಗೌರವಾರ್ಥ ಬಯಲಿನಲ್ಲಿ, ದೀವಟಿಗೆಗಳ ಬೆಳಕಿನಲ್ಲಿ ಬಾಖನ ಹೊಸ ಕೃತಿ ನಡೆಯಿತು. ಮರುದಿನ ರೈಖೆ ತೀರಿಕೊಂಡನು, ವಯಸ್ಸು 67. ಹಿಂದಿನ ರಾತ್ರಿಯ ಊದುವಿಕೆಯ ಆಯಾಸ ಮತ್ತು ದೀವಟಿಗೆಯ ಹೊಗೆಯೇ ಕಾರಣವೆಂದು ಅಂದಿನ ವೃತ್ತಾಂತಕಾರ ಬರೆದಿಟ್ಟಿದ್ದಾನೆ. ಕೈಯಲ್ಲಿ ಸುರುಳಿ ಸುತ್ತಿದ ವಾದ್ಯವನ್ನು ಹಿಡಿದ ಅವನ ವರ್ಣಚಿತ್ರ ಇಂದಿಗೂ ಉಳಿದಿದೆ.

ಬಳಿಕ ಯಂತ್ರವು ನೆರವಿಗೆ ಬಂತು. ವಿಯೆನ್ನಾದ ಆಂಟನ್ ವೈಡಿಂಗರ್ ಕೊಳವೆಗೆ ರಂಧ್ರ ಕೊರೆದು ಮುಚ್ಚಳಗಳನ್ನು ಜೋಡಿಸಿದ ಟ್ರಂಪೆಟ್ಟನ್ನು ಬಳಕೆಗೆ ತಂದನು. ಅವನಿಗಾಗಿ ಹೈಡನ್ 1796ರಲ್ಲಿ ಬರೆದ ಕೃತಿ 1800ರಲ್ಲಿ ರಂಗಕ್ಕೆ ಬಂತು. ಆದರೆ ಮುಚ್ಚಳ ತೆರೆದಾಗ ನಾದ ಪೇಲವವಾಗುತ್ತಿತ್ತು. ಸ್ಟೋಲ್ಸೆಲ್ ಮತ್ತು ಬ್ಲೂಮೆಲ್ 1818ರಲ್ಲಿ ಪ್ರಷ್ಯದಲ್ಲಿ ಹಕ್ಕು ಪಡೆದ ವಾಲ್ವು ಆ ತೊಡಕನ್ನು ಬಿಡಿಸಿತು. ಗುಂಡಿ ಒತ್ತಿದರೆ ಗಾಳಿಯ ದಾರಿಗೆ ಇನ್ನೊಂದು ತುಂಡು ಕೊಳವೆ ಸೇರುತ್ತದೆ, ಸ್ವರ ಇಳಿಯುತ್ತದೆ. ಹಾಗಾದರೆ ತುಟಿಗೆ ಬಿಡುವು ಸಿಕ್ಕಿತೆ? ಇಲ್ಲ. ಯಾವ ಗುಂಡಿಯನ್ನೂ ಒತ್ತದೆ ಷಡ್ಜ, ಪಂಚಮ, ಮೇಲಿನ ಷಡ್ಜ, ಅದರ ಗಾಂಧಾರ ಎಲ್ಲವೂ ಹೊರಡುತ್ತವೆ. ಇವುಗಳಲ್ಲಿ ಯಾವುದು ಬೇಕೆಂದು ಆರಿಸುವುದು ಬೆರಳಲ್ಲ, ತುಟಿ.

ಈ ಹೊಸ ವಾದ್ಯಗಳ ಕಾಲಕ್ಕೆ ಶಾಸ್ತ್ರ ಬರೆದವನು ಲಿಯಾನ್ ಪಟ್ಟಣದಲ್ಲಿ 1825ರಲ್ಲಿ ಹುಟ್ಟಿದ ಝಾನ್ ಬಾಪ್ತಿಸ್ತ್ ಆರ್ಬಾನ್. ಪ್ಯಾರಿಸಿನ ಸಂಗೀತಶಾಲೆಯ ಈ ಅಧ್ಯಾಪಕನು ಟ್ರಂಪೆಟ್ಟಿನ ಸೋದರವಾದ್ಯವಾದ ಕಾರ್ನೆಟ್ಟಿಗೆ 1864ರಲ್ಲಿ ಒಂದು ಮಹಾಪಾಠಮಾಲೆಯನ್ನು ಪ್ರಕಟಿಸಿದನು. ಟ್ರಂಪೆಟ್ ಕಲಿಯುವವರು ಇಂದಿಗೂ ಅದನ್ನು ಬಿಟ್ಟಿಲ್ಲ. ಬಟ್ಟಲು ತುಟಿಯ ನಡುಭಾಗದಲ್ಲಿರಲಿ, ಮೂರನೆಯ ಒಂದು ಪಾಲು ಮೇಲ್ದುಟಿಗೆ, ಎರಡು ಪಾಲು ಕೆಳದುಟಿಗೆ ಎಂಬುದು ಅವನ ಮಾತು. ನಾಲಗೆಯ ‘ಹೊಡೆತ’ವೆಂದು ಜನ ಹೇಳುವುದು ರೂಢಿಯ ಮಾತಷ್ಟೇ, ನಾಲಗೆ ಹೊಡೆಯುವುದಿಲ್ಲ, ಹಿಂದಕ್ಕೆ ಸರಿದು ಗಾಳಿಗೆ ಬಾಗಿಲು ತೆರೆಯುತ್ತದೆ ಎಂದು ಅವನು ತಿದ್ದುತ್ತಾನೆ. ವ್ಯಾಕರಣ ಪಾಠ ಹೇಳುವ ನನ್ನಂಥವನಿಗೆ ಅವನ ಮುಂದಿನ ಪುಟಗಳು ಇನ್ನೂ ರುಚಿ. ನಿಧಾನಗತಿಗೆ ‘ತು’, ವೇಗಕ್ಕೆ ‘ತು ಕು’, ಮೂರರ ನಡೆಗೆ ‘ತು ತು ಕು’. ಒಂದು ದಂತ್ಯ, ಒಂದು ಕಂಠ್ಯ. ನಾಲಗೆಯ ತುದಿ ದಣಿಯುವ ಮೊದಲೇ ಬುಡ ಕೆಲಸಕ್ಕೆ ಬರುತ್ತದೆ. ನಮ್ಮ ಮೃದಂಗದ ‘ತಕ’, ‘ತಕಿಟ’ ಜತಿಗಳನ್ನು ಬಾಯಲ್ಲಿ ಹೇಳುವವರು ಇದನ್ನು ಬೇರೆ ದಾರಿಯಿಂದ ಬಲ್ಲರು.

ಆದರೆ ಇಂಥ ಆಚಾರ್ಯನೇ ಮೇಲಿನ ಸ್ವರಗಳಿಗೆ ವಾದ್ಯವನ್ನು ತುಟಿಗೆ ಒತ್ತಿ ಬಿಗಿ ತರಬೇಕೆಂದು ಬರೆದನು. ಒತ್ತಿದರೆ ಸ್ವರವೇನೋ ಏರುತ್ತದೆ. ಬಟ್ಟಲಿನ ಅಂಚು ಮತ್ತು ಹಲ್ಲುಗಳ ನಡುವೆ ಮಾಂಸ ಸಿಕ್ಕಿ, ರಕ್ತದ ಓಡಾಟ ತಡೆದು, ತುಟಿ ಬೇಗ ಸೋಲುತ್ತದೆ. ಸೋತ ತುಟಿಗೆ ಇನ್ನಷ್ಟು ಒತ್ತಡ ಬೇಕಾಗುತ್ತದೆ. ಸಾಲಕ್ಕೆ ಸಾಲ ಮಾಡಿದ ಹಾಗೆ. ಶಾಸ್ತ್ರದಲ್ಲಿರುವ ಎಲ್ಲ ಸಾಲುಗಳಿಗೂ ಒಂದೇ ಬೆಲೆಯಲ್ಲವೆಂದು ಹೇಳಲು ನನಗೆ ಸಂಕೋಚವಿಲ್ಲ.

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ 1901ರಲ್ಲಿ ಹುಟ್ಟಿದ ಲೂಯಿ ಆರ್ಮ್‌ಸ್ಟ್ರಾಂಗ್ ಜಾಸ್ ಸಂಗೀತದ ದೊಡ್ಡ ಹೆಸರು. ಅವನ ಗುರು ಕಿಂಗ್ ಆಲಿವರನಿಗೆ ವಸಡಿನ ರೋಗ. ಬಟ್ಟಲನ್ನು ಆನಿಸಲು ಹಲ್ಲಿನ ಆಸರೆ ತಪ್ಪಿ ವಾದನವೇ ಕೈಬಿಟ್ಟಿತು. 1938ರಲ್ಲಿ ಸಾಯುವಾಗ ಅವನು ಒಂದು ಆಟದ ಕೋಣೆಯ ಜವಾನನಾಗಿದ್ದನು. ಶಿಷ್ಯನ ಹಲ್ಲು ಗಟ್ಟಿ, ತುಟಿಗೆ ಸಂಕಟ. ರಾತ್ರಿ ರಾತ್ರಿಯೂ ಎತ್ತರದ ಸ್ವರಗಳನ್ನು ಒಂದರ ಮೇಲೊಂದು ಊದಿದ್ದರಿಂದ ತುಟಿ ಸೀಳಿ, ಗಾಯ ಮಾಗಿ, ಕಲೆಗಟ್ಟಿತು. ಯುರೋಪಿನಲ್ಲಿದ್ದಾಗ 1934ರಲ್ಲಿ ತಿಂಗಳುಗಟ್ಟಲೆ ವಾದ್ಯವನ್ನು ಕೆಳಗಿಡಬೇಕಾಯಿತು. ಜರ್ಮನಿಯಿಂದ ತರಿಸಿದ ಮುಲಾಮನ್ನು ಹಚ್ಚಿಕೊಂಡು ಅವನು 1971ರಲ್ಲಿ ತೀರಿಕೊಳ್ಳುವ ಹೊತ್ತಿನವರೆಗೂ ಆ ತುಟಿಯನ್ನು ಕಾಪಾಡಿಕೊಂಡನು. ಕೊನೆಕೊನೆಗೆ ಹಾಡು ಹೆಚ್ಚಾಯಿತು, ಊದುವುದು ಕಡಿಮೆಯಾಯಿತು.

ಇತ್ತ ಪಾಠ ಹೇಳುವವರ ಮಾತೂ ಬದಲಾಗುತ್ತಿತ್ತು. ಷಿಕಾಗೋ ವಾದ್ಯಗೋಷ್ಠಿಯಲ್ಲಿ ಹಾರ್ನ್ ಊದುತ್ತಿದ್ದ ಫಿಲಿಪ್ ಫಾರ್ಕಸ್ 1962ರ ತನ್ನ ಪುಸ್ತಕದಲ್ಲಿ ಎರಡು ಎಳೆತಗಳ ಸಮತೋಲವನ್ನು ವಿವರಿಸುತ್ತಾನೆ: ನಗುವವನ ಹಾಗೆ ತುಟಿಯ ಕೊನೆಗಳು ಹೊರಕ್ಕೆ, ಸಿಳ್ಳೆ ಹಾಕುವವನ ಹಾಗೆ ನಡುಭಾಗ ಒಳಕ್ಕೆ. ಬಿಗಿಯು ಬಾಯ ಸುತ್ತಲಿನ ಉಂಗುರದ ಸ್ನಾಯುವಿನಿಂದ ಬರಬೇಕು, ತೋಳಿನಿಂದಲ್ಲ. ಅದೇ ಸ್ನಾಯು ಹರಿದ ಟ್ರಂಪೆಟ್ ವಾದಕರಿಗೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯ ಹೈಮೆ ಪ್ಲಾನಾಸ್ 1982ರಲ್ಲಿ ಆ ಬೇನೆಯ ವಿವರವನ್ನು ಪ್ರಕಟಿಸಿದನು. ಅದಕ್ಕೆ ಅವನಿಟ್ಟ ಹೆಸರು ‘ಸ್ಯಾಚ್ಮೋ ಸಿಂಡ್ರೋಮ್’. ಸ್ಯಾಚ್ಮೋ ಎಂಬುದು ಆರ್ಮ್‌ಸ್ಟ್ರಾಂಗನ ಅಡ್ಡಹೆಸರು. ಚೀಲದಂಥ ಬಾಯಿಯವನು ಎಂಬ ಪರಿಹಾಸ್ಯದಿಂದ ಹುಟ್ಟಿದ್ದು.