ಕಿಣ್ವ ಎಂಜಿನಿಯರಿಂಗ್ ಮತ್ತು ಹಸಿರು ರಸಾಯನೋದ್ಯಮ

ಕಿಣ್ವ ಎಂಜಿನಿಯರಿಂಗ್: ಕಿಣ್ವದ ಅಮೈನೋ ಆಮ್ಲಗಳ ಸರಣಿಯನ್ನು ಬದಲಿಸಿ, ಅದನ್ನು ಬೇಕಾದ ರಾಸಾಯನಿಕ ಕ್ರಿಯೆಗೆ ತಕ್ಕ ವೇಗವರ್ಧಕವಾಗಿ ರೂಪಿಸುವ ತಂತ್ರವಿದ್ಯೆ. 1990ರ ದಶಕದಲ್ಲಿ ಬಲಗೊಂಡ ಈ ವಿದ್ಯೆ ಔಷಧ ತಯಾರಿಕೆಯಲ್ಲಿ ದುಬಾರಿ ಲೋಹ, ಅಧಿಕ ಒತ್ತಡ ಮತ್ತು ತ್ಯಾಜ್ಯಗಳನ್ನು ತಗ್ಗಿಸುವ ಮುಖ್ಯ ಸಾಧನವಾಗಿದೆ. ಕಿಣ್ವದ ಆಯ್ಕೆಗುಣವೇ ಇದರ ಶಕ್ತಿಯ ಮೂಲ.

ಆಯ್ಕೆಗುಣ

ಒಂದೇ ಪರಮಾಣುಗಳು ಒಂದೇ ಕ್ರಮದಲ್ಲಿ ಕೂಡಿದ್ದರೂ ಎರಡು ಅಣುಗಳು ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬಗಳಾಗಿರಬಹುದು. ದೇಹದಲ್ಲಿ ಅವುಗಳ ಪರಿಣಾಮ ಬೇರೆ ಬೇರೆ. ಸಾಧಾರಣ ರಾಸಾಯನಿಕ ಕ್ರಿಯೆಯಲ್ಲಿ ಎರಡೂ ಸಮಪ್ರಮಾಣದಲ್ಲಿ ಹುಟ್ಟುವುದರಿಂದ ಅರ್ಧ ಉತ್ಪನ್ನ ಬೇಡದ್ದಾಗುತ್ತದೆ. ಕಿಣ್ವದ ಸಕ್ರಿಯ ತಾಣದಲ್ಲಿ ಅಣು ಒಂದೇ ಭಂಗಿಯಲ್ಲಿ ಕೂರುವಂತಿದ್ದರೆ ಒಂದೇ ರೂಪ ಹುಟ್ಟುತ್ತದೆ; ಇದೇ ಆಯ್ಕೆಗುಣ. ಬೇರ್ಪಡಿಸುವ ಹಂತಗಳು ತಪ್ಪುತ್ತವೆ, ದ್ರಾವಕದ ಉಳಿತಾಯವಾಗುತ್ತದೆ.

ಈ ಉಳಿತಾಯದ ಮಹತ್ವವನ್ನು ಅಳೆಯಲು ರೋಜರ್ ಶೆಲ್ಡನ್ 1992ರಲ್ಲಿ 'ಇ-ಫ್ಯಾಕ್ಟರ್' ಎಂಬ ಮಾನದಂಡವನ್ನು ಮುಂದಿಟ್ಟರು. ಒಂದು ಕಿಲೋ ಉತ್ಪನ್ನಕ್ಕೆ ಎಷ್ಟು ಕಿಲೋ ತ್ಯಾಜ್ಯ ಹುಟ್ಟುತ್ತದೆ ಎಂಬುದೇ ಈ ಲೆಕ್ಕ. ತೈಲ ಸಂಸ್ಕರಣೆಯಲ್ಲಿ ಇದು 0.1ಕ್ಕೂ ಕಡಿಮೆ, ಔಷಧೋದ್ಯಮದಲ್ಲಿ 25ರಿಂದ 100ನ್ನೂ ದಾಟುತ್ತಿತ್ತು.

ಬೆಳವಣಿಗೆ

ಮೊದಲಿಗೆ ಪ್ರಕೃತಿಯಲ್ಲಿ ಸಿಕ್ಕ ಕಿಣ್ವಗಳನ್ನೇ ಬಳಸಲಾಯಿತು. ಜಪಾನಿನ ನಿಟ್ಟೋ ಕಂಪನಿ, ಕ್ಯೋಟೋ ವಿಶ್ವವಿದ್ಯಾಲಯದ ಹಿಡೆಯಾಕಿ ಯಮಾಡ ಅವರ ಸಂಶೋಧನೆಯನ್ನು ಆಧರಿಸಿ, 1985ರಲ್ಲಿ ಬ್ಯಾಕ್ಟೀರಿಯಾದ ನೈಟ್ರೈಲ್ ಹೈಡ್ರಟೇಸ್‌ನಿಂದ ಅಕ್ರಿಲಮೈಡ್ ತಯಾರಿಸತೊಡಗಿತು. ಹಿಂದಿನ ತಾಮ್ರದ ವೇಗವರ್ಧಕದ ಬದಲಿಗೆ ಬಂದ ಈ ವಿಧಾನ ತಣ್ಣನೆಯ ನೀರಿನಲ್ಲೇ ನಡೆಯುತ್ತದೆ.

ಆದರೆ ಸಹಜ ಕಿಣ್ವಗಳು ಜೀವಕೋಶದ ಅಗತ್ಯಕ್ಕೆ ಹುಟ್ಟಿದವು. ಕಾರ್ಖಾನೆಯ ಬಿಸಿ, ದ್ರಾವಕ, ಅಪರಿಚಿತ ಅಣುಗಳಿಗೆ ಒಗ್ಗುವುದಿಲ್ಲ. ಈ ತೊಡಕಿಗೆ ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯ ಫ್ರಾನ್ಸೆಸ್ ಅರ್ನಾಲ್ಡ್ 1993ರಲ್ಲಿ ದಾರಿ ತೋರಿದರು. ಸಬ್ಟಿಲಿಸಿನ್ ಕಿಣ್ವದ ಜೀನ್‌ನಲ್ಲಿ ಯಾದೃಚ್ಛಿಕ ಬದಲಾವಣೆ ತಂದು, ಉತ್ತಮವಾದವನ್ನು ಆರಿಸುತ್ತ ಹೋದಾಗ, 60% ಡೈಮೀಥೈಲ್ ಫಾರ್ಮಮೈಡ್ ದ್ರಾವಕದಲ್ಲಿ 256 ಪಟ್ಟು ಹೆಚ್ಚು ಚುರುಕಾದ ಕಿಣ್ವ ದೊರೆಯಿತು. 1997ರಲ್ಲಿ ಜರ್ಮನಿಯ ಮ್ಯಾನ್‌ಫ್ರೆಡ್ ರೀಟ್ಸ್ ಇದೇ ದಾರಿಯಿಂದ ಆಯ್ಕೆಗುಣವನ್ನೂ ಬೆಳೆಸಬಹುದೆಂದು ತೋರಿಸಿದರು. ಎರಡು ಪ್ರತಿಬಿಂಬಗಳ ನಡುವೆ ಬಹುತೇಕ ಭೇದವೆಣಿಸದ ಲೈಪೇಸ್ ಕಿಣ್ವವೊಂದು ನಾಲ್ಕೇ ಸುತ್ತುಗಳಲ್ಲಿ ಒಂದು ರೂಪದತ್ತ ವಾಲಿತು. 2018ರ ರಸಾಯನಶಾಸ್ತ್ರ ನೊಬೆಲ್‌ನ ಅರ್ಧ ಭಾಗ ಅರ್ನಾಲ್ಡ್ ಅವರಿಗೆ ಸಂದಿತು.

ವಿಧಾನ

ಹೀಗೆ ಬದಲಿಸಿ ಆರಿಸುತ್ತ ಹೋಗುವ ಕ್ರಮಕ್ಕೆ ನಿರ್ದೇಶಿತ ವಿಕಾಸ ಎಂದು ಹೆಸರು. ಬದಲಿಸಿದ ಜೀನ್‌ಗಳನ್ನು ಬ್ಯಾಕ್ಟೀರಿಯಾಗಳಿಗೆ ಸೇರಿಸಿ, ಅವು ತಯಾರಿಸಿದ ಕಿಣ್ವಗಳನ್ನು ಪರೀಕ್ಷಿಸಿ, ಗೆದ್ದದ್ದನ್ನು ಮುಂದಿನ ಸುತ್ತಿಗೆ ಒಯ್ಯುತ್ತಾರೆ. 300 ಅಮೈನೋ ಆಮ್ಲಗಳ ಕಿಣ್ವದಲ್ಲಿ ಒಂದೇ ಕಡೆ ಬದಲಿಸಿದರೆ 5,700 ಸಾಧ್ಯತೆ. ಏಕಕಾಲಕ್ಕೆ ಎರಡು ಕಡೆ ಬದಲಿಸಿದರೆ ಸುಮಾರು 1.6 ಕೋಟಿ. ಎಲ್ಲವನ್ನೂ ಪರೀಕ್ಷಿಸಲಾಗದು. ಆದ್ದರಿಂದ ಕಿಣ್ವದ ರಚನೆಯನ್ನು ನೋಡಿ ಎಲ್ಲಿ ಬದಲಿಸಬೇಕೆಂದು ನಿರ್ಧರಿಸುವ ವಿವೇಚನೆಯೂ ಯಾದೃಚ್ಛಿಕ ಹುಡುಕಾಟದ ಜೊತೆಗೂಡುತ್ತದೆ.

ಸಿಟಾಗ್ಲಿಪ್ಟಿನ್

ಮಧುಮೇಹದ ಮಾತ್ರೆ ಸಿಟಾಗ್ಲಿಪ್ಟಿನ್ ಈ ವಿದ್ಯೆಯ ಪ್ರಸಿದ್ಧ ನಿದರ್ಶನ. ಅಮೆರಿಕದ ಮರ್ಕ್ ಕಂಪನಿ ಇದನ್ನು ರೋಡಿಯಂ ವೇಗವರ್ಧಕ ಹಾಗೂ ಅಧಿಕ ಒತ್ತಡದ ಹೈಡ್ರೋಜನ್ ಬಳಸಿ ತಯಾರಿಸುತ್ತಿತ್ತು. ಬೇಡದ ಪ್ರತಿಬಿಂಬವನ್ನೂ ಉಳಿದ ಲೋಹವನ್ನೂ ಬಳಿಕ ತೆಗೆಯಬೇಕಾಗಿತ್ತು. ಈ ಔಷಧದ ಪೂರ್ವರೂಪವಾದ ಕೀಟೋನ್‌ಗೆ ನೇರವಾಗಿ ಅಮೈನ್ ಗುಂಪನ್ನು ಜೋಡಿಸುವ ಟ್ರಾನ್ಸಮಿನೇಸ್ ಎಂಬ ಕಿಣ್ವ ಇದ್ದರೆ ಇದೆಲ್ಲ ತಪ್ಪುತ್ತಿತ್ತು. ಆದರೆ ಅಷ್ಟು ದೊಡ್ಡ ಅಣುವಿಗೆ ಆರಿಸಿಕೊಂಡ ಸಹಜ ಕಿಣ್ವದಲ್ಲಿ ಜಾಗವೇ ಇರಲಿಲ್ಲ.

ಮರ್ಕ್ ಮತ್ತು ಕೋಡೆಕ್ಸಿಸ್ ಕಂಪನಿಗಳ ವಿಜ್ಞಾನಿಗಳು ಮೊದಲು ಆ ಅಣುವಿನ ಮೊಟಕುಗೊಳಿಸಿದ ರೂಪಕ್ಕೆ ಕಿಣ್ವವನ್ನು ಒಗ್ಗಿಸಿ, ಸಕ್ರಿಯ ತಾಣವನ್ನು ಹಂತಹಂತವಾಗಿ ಹಿಗ್ಗಿಸಿದರು. 2010ರಲ್ಲಿ ಪ್ರಕಟವಾದ ಅಂತಿಮ ಕಿಣ್ವದಲ್ಲಿ 27 ಬದಲಾವಣೆಗಳಿದ್ದವು. ಅದು ಪ್ರತಿ ಲೀಟರಿಗೆ 200 ಗ್ರಾಂ ಕೀಟೋನನ್ನು 50% ಡೈಮೀಥೈಲ್ ಸಲ್ಫಾಕ್ಸೈಡ್‌ನಲ್ಲಿ ಪರಿವರ್ತಿಸಿತು. ಬೇಕಾದ ರೂಪದ ಶುದ್ಧತೆ 99.95% ದಾಟಿತು. ಇಳುವರಿ 10–13% ಹೆಚ್ಚಿತು, ಒಟ್ಟು ತ್ಯಾಜ್ಯ 19% ಇಳಿಯಿತು, ಭಾರಲೋಹದ ಅಗತ್ಯವೇ ಇಲ್ಲವಾಯಿತು. ಅದೇ ವರ್ಷ ಅಮೆರಿಕದ ಅಧ್ಯಕ್ಷೀಯ ಹಸಿರು ರಸಾಯನಶಾಸ್ತ್ರ ಪ್ರಶಸ್ತಿ ಈ ಕೆಲಸಕ್ಕೆ ದೊರೆಯಿತು.

ಇದೇ ಹಾದಿಯಲ್ಲಿ 2019ರಲ್ಲಿ ಮರ್ಕ್ ವಿಜ್ಞಾನಿಗಳು ಎಚ್‌ಐವಿ ವಿರುದ್ಧದ ಇಸ್ಲಾಟ್ರವಿರ್ ಎಂಬ ಪ್ರಾಯೋಗಿಕ ಔಷಧವನ್ನು ಒಂಬತ್ತು ಕಿಣ್ವಗಳಿಂದ ತಯಾರಿಸಿದರು. ಅವುಗಳಲ್ಲಿ ಐದು ನಿರ್ದೇಶಿತ ವಿಕಾಸದಿಂದ ಪಳಗಿದವು. ನಡುವಿನ ಪದಾರ್ಥಗಳನ್ನು ಬೇರ್ಪಡಿಸದೆಯೇ 51% ಇಳುವರಿ ಸಿಕ್ಕಿತು.

ಮಿತಿಗಳು ಮತ್ತು ಮುನ್ನೋಟ

ಕಿಣ್ವ ಬಳಸಿದ ಮಾತ್ರಕ್ಕೆ ಉತ್ಪಾದನೆ ಹಸಿರಾಗುವುದಿಲ್ಲ. ದುರ್ಬಲ ದ್ರಾವಣದಲ್ಲಿ ನಡೆಯುವ ಕ್ರಿಯೆಗೆ ಅಪಾರ ನೀರು ಬೇಕು. ಉತ್ಪನ್ನವನ್ನು ಹೊರತೆಗೆಯಲು ದ್ರಾವಕ ಬೇಕು. ಕಿಣ್ವವನ್ನು ಬೆಳೆಸಲು ಸಕ್ಕರೆ ಮತ್ತು ವಿದ್ಯುತ್ ಬೇಕು. ಸಾಂದ್ರ ದ್ರಾವಣದಲ್ಲೂ ಬಾಳುವ, ಅಲ್ಪ ಪ್ರಮಾಣದಲ್ಲೇ ಸಾಲುವ ಕಿಣ್ವ ಮಾತ್ರ ಇಡೀ ಪ್ರಕ್ರಿಯೆಯ ಲೆಕ್ಕವನ್ನು ಗೆಲ್ಲಿಸುತ್ತದೆ.

ಗಣಕದಿಂದ ಹೊಸ ಪ್ರೋಟೀನ್ ರಚಿಸುವ ಹಾಗೂ ಪ್ರೋಟೀನ್ ಆಕಾರವನ್ನು ಮುಂಗಾಣುವ ಸಾಧನೆಗಳಿಗೆ 2024ರ ರಸಾಯನಶಾಸ್ತ್ರ ನೊಬೆಲ್ ಸಂದಿದೆ. ಇವು ಎಲ್ಲಿ ಬದಲಿಸಬೇಕೆಂಬ ಹುಡುಕಾಟವನ್ನು ಕಿರಿದಾಗಿಸಬಲ್ಲವು. ಆದರೆ ಕಿಣ್ವದ ಆಯ್ಕೆಗುಣ ಅಣುವಿನ ಕೂರುವ ಭಂಗಿಯ ಅತಿಸೂಕ್ಷ್ಮ ವ್ಯತ್ಯಾಸವನ್ನು ಅವಲಂಬಿಸಿದೆ. ಹಾಗಾಗಿ ಗಣಕ ಸೂಚಿಸಿದ ಪ್ರತಿ ಬದಲಾವಣೆಯನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿಯೇ ಒಪ್ಪಬೇಕಾಗುತ್ತದೆ.